ಕೆಂಪೇಗೌಡರ ಹೆಸರು ಎಲ್ಲೆಲ್ಲೂ ಇದೆ, ಕೆರೆ ಎಲ್ಲಿ? ಊರಿನ ಚರಿತ್ರೆಯನ್ನು ಸರ್ಕಾರ ಬಳಸುವ ಬಗ್ಗೆ ಮಾತಾಡೋಣ

ಕೋಟೆಬಾಗಿಲು

ಎಲ್ಲರಿಗೂ ನಮಸ್ಕಾರ. ಕೆಂಪೇಗೌಡ ಜಯಂತಿ ಹತ್ತಿರ ಬಂದರೆ ಸಾಕು, ನಮ್ಮ ಗುಂಪಿನಲ್ಲಿ ಅದೇ ಜಗಳ. ವಿಮಾನ ನಿಲ್ದಾಣದ ಹತ್ತಿರ ಅವರ ಪ್ರತಿಮೆ ಬೇಕಿತ್ತಾ, ಬೇಡವಾಗಿತ್ತಾ? ಈ ಸಲ ಬೇರೆ ಕಡೆಯಿಂದ ಶುರು ಮಾಡೋಣ. ಯಾವ ಸರ್ಕಾರ ಬಂದರೂ ಅದಕ್ಕೆ ಹಳೇ ಕಾಲದ ಒಂದು ಆಸರೆ ಬೇಕು. ಅದನ್ನು ತಪ್ಪು ಅನ್ನೋಕೆ ಆಗಲ್ಲ. ನನ್ನ ಪ್ರಶ್ನೆ ಇಷ್ಟೇ: ಹಳೇದರಲ್ಲಿ ಯಾವುದನ್ನು ಎತ್ತಿಕೊಳ್ಳುತ್ತಾರೆ, ಯಾವುದನ್ನು ಬಿಟ್ಟು ಹೋಗುತ್ತಾರೆ?

ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರೋ ಕೋಟೆ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇದೆ. ಇದೇ ಬಿರುಕಿನಿಂದ ಬ್ರಿಟಿಷರ ದಾಳಿ ನಡೆಯಿತು, 1791ರ ಮಾರ್ಚ್ 21 ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಅಷ್ಟೇ. ಕೋಟೆ ಕಾಯುತ್ತಾ ಅವತ್ತು ಪ್ರಾಣ ಬಿಟ್ಟ ಟಿಪ್ಪುವಿನ ಕಿಲ್ಲೇದಾರ ಬಹಾದುರ್ ಖಾನ್ ಹೆಸರು ಅದರಲ್ಲಿಲ್ಲ. ಗೆದ್ದವರು ಹಾಕಿಸಿದ ಫಲಕ, ಗೆದ್ದವರ ಮಾತು.

ಅಲ್ಲಿಂದ ಹಡ್ಸನ್ ಸರ್ಕಲ್ಲಿಗೆ ಬನ್ನಿ. ಈಗಿನ ಹುಡುಗರಿಗೆ ಇದು ಗೊತ್ತಿರಲ್ಲ. ಅದೇ ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಅಲ್ಲಿ ಎತ್ತರದ ಒಂದು ಸ್ಮಾರಕ ಸ್ತಂಭ ಇತ್ತು. ಅದರಿಂದಲೇ ಆ ರಸ್ತೆಗೆ ಸೆನೋಟಾಫ್ ರೋಡ್ ಅಂತ ಹೆಸರು. ಕನ್ನಡ ಹೋರಾಟಗಾರರು ಪಟ್ಟು ಹಿಡಿದರು. 1964ರ ಅಕ್ಟೋಬರಿನಲ್ಲಿ ನಗರಪಾಲಿಕೆಯೇ ಅದನ್ನು ಕೆಡವಿಸಿತು. ಈಗ ಅಲ್ಲಿ ಕೆಂಪೇಗೌಡರು ನಿಂತಿದ್ದಾರೆ. ರಸ್ತೆ ನೃಪತುಂಗ ರಸ್ತೆ ಆಗಿದೆ. 16ನೇ ಶತಮಾನದ ಯಲಹಂಕ ನಾಡಪ್ರಭು, 9ನೇ ಶತಮಾನದ ರಾಷ್ಟ್ರಕೂಟ ದೊರೆ, ಇಬ್ಬರನ್ನೂ ತಂದು ಒಂದೇ ಜಾಗದಲ್ಲಿ ನಿಲ್ಲಿಸಿದ್ದು ಏಕೀಕರಣ ಆಗಿ ಎಂಟೇ ವರ್ಷದ ಹೊಸ ರಾಜ್ಯ. ತನ್ನ ಊರು ತನ್ನದು ಅಂತ ಹೇಳಿಕೊಳ್ಳಬೇಕಿತ್ತು. ಹೇಳಿಕೊಂಡಿತು.

ಆಮೇಲೆ ವಿಮಾನ ನಿಲ್ದಾಣ. 2013ರಲ್ಲಿ ಕೆಂಪೇಗೌಡರ ಹೆಸರು ಬಂತು. 2017ರಿಂದ ಜೂನ್ 27ಕ್ಕೆ ಸರ್ಕಾರಿ ಜಯಂತಿ. 2022ರ ನವೆಂಬರ್ 11ಕ್ಕೆ 108 ಅಡಿ ಎತ್ತರದ ಕಂಚಿನ ಪ್ರತಿಮೆ. ಗುಜರಾತಿನಲ್ಲಿ ಸರ್ದಾರ್ ಪಟೇಲರ ಪ್ರತಿಮೆ ಮಾಡಿದ ರಾಮ್ ಸುತಾರ್ ಅವರೇ ಇದರ ಶಿಲ್ಪಿ. ಅದಕ್ಕೆ ಮುಂಚೆ ಊರೂರಿಗೆ ವಾಹನ ಕಳಿಸಿ ಮಣ್ಣು ತರಿಸಿದ್ದರು, ನೆನಪಿದೆಯಲ್ವಾ?

ಈಗ ಮೆಜೆಸ್ಟಿಕ್. ಬಸ್ ಸ್ಟ್ಯಾಂಡಿಗೂ ಕೆಂಪೇಗೌಡರ ಹೆಸರು, ಮೆಟ್ರೋ ನಿಲ್ದಾಣಕ್ಕೂ ಅವರದೇ ಹೆಸರು. ಆದರೆ ಆ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆಯಂಗಳದಲ್ಲಿ. ಪೇಟೆಯ ಜನ ನೀರು ಕುಡಿದ ಕೆರೆ. ಕೆಂಪೇಗೌಡರೇ ಕಟ್ಟಿಸಿದ್ದು ಅಂತ ನಾವೆಲ್ಲ ಕೇಳಿಕೊಂಡು ಬಂದಿರೋ ಕೆರೆ. ಪಕ್ಕದ ಟ್ಯಾಂಕ್ ಬಂಡ್ ರಸ್ತೆ ಆ ಕೆರೆಯ ಏರಿಯ ಗುರುತು. ನೀರಿನ ಜಾಗ ಹೋಯಿತು, ಕಟ್ಟಿದವರ ಹೆಸರು ಉಳಿಯಿತು. ಅಲ್ಲಿ ಕೆರೆ ಇತ್ತು ಅಂತ ಬಸ್ಸಿಗೆ ಕಾಯೋ ಜನರಿಗೆ ಹೇಳೋರು ಯಾರೂ ಇಲ್ಲ.

ನನಗೆ ಅನ್ನಿಸೋದು ಇದು. ಹೆಮ್ಮೆ ಪಡೋಕೆ ಬೇಕಾದ ಚರಿತ್ರೆಯನ್ನು ಸರ್ಕಾರ ಬೇಗ ಹುಡುಕಿಕೊಳ್ಳುತ್ತದೆ. ಕೆಲಸ ಮಾಡು ಅಂತ ಹೇಳೋ ಚರಿತ್ರೆಯ ಹತ್ತಿರ ಹೋಗಲ್ಲ. ನಿಮಗೇನನ್ನಿಸುತ್ತೆ?

ಮಾಗಡಿ ಸೀಮೆ

ಅಕ್ಕ, ನಿಮ್ಮ ಮಾತು ಅರ್ಧ ಒಪ್ಪುತ್ತೀನಿ. ಇನ್ನರ್ಧ ಒಪ್ಪಲ್ಲ. ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ.

ನಾವು ಮಾಗಡಿ ಕಡೆಯವರು. ನಮ್ಮ ತಾತ ಬೆಂಗಳೂರಿಗೆ ಸೊಪ್ಪು ಹಾಕೋಕೆ ಬರುತ್ತಿದ್ದರು. ಅವರಿಗೆ ಈ ಊರಿನ ರಸ್ತೆ ಹೆಸರು ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಕನ್ನಿಂಗ್‌ಹ್ಯಾಮ್ ರೋಡ್, ಲ್ಯಾವೆಲ್ಲೆ ರೋಡ್, ರೆಸಿಡೆನ್ಸಿ ರೋಡ್. ನಮ್ಮ ಸೀಮೆಯವರು ಕಟ್ಟಿದ ಊರು ಅಂತಾರೆ, ಆದರೆ ಆ ಊರಿನ ದೊಡ್ಡ ಬೀದಿಗಳಲ್ಲಿ ನಮ್ಮ ಗುರುತೇ ಇರಲಿಲ್ಲ. ಈಗ ದೆಹಲಿಯಿಂದಲೋ ದುಬೈಯಿಂದಲೋ ಬಂದಿಳಿಯೋ ಮನುಷ್ಯ ಮೊದಲು ಕೇಳೋದೇ ಕೆಂಪೇಗೌಡ ಅನ್ನೋ ಹೆಸರು. ಇದು ಸಣ್ಣ ವಿಷಯ ಅಲ್ಲ. ವಿಮಾನ ನಿಲ್ದಾಣಕ್ಕೆ ಜಮೀನು ಬಿಟ್ಟುಕೊಟ್ಟವರು ದೇವನಹಳ್ಳಿ ಸುತ್ತಿನ ರೈತರು. ಅವರ ಮನೆಯವರು ಆ ಪ್ರತಿಮೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅವರ ಮುಖ ನೋಡಿ.

ಹೌದು, ಒಕ್ಕಲಿಗರ ವೋಟಿನ ಲೆಕ್ಕ ಇದೆ. ಎಲ್ಲ ಪಕ್ಷದವರೂ ಆ ಲೆಕ್ಕ ಹಾಕಿದ್ದಾರೆ. ಅದು ನಮಗೂ ಗೊತ್ತು. ಆದರೆ ವೋಟಿಗೋಸ್ಕರ ಆದರೂ ಬಂದ ಗೌರವವನ್ನು ಬೇಡ ಅನ್ನೋಕೆ ನಮ್ಮ ಜನಕ್ಕೆ ಮನಸ್ಸಿಲ್ಲ. ತುಂಬ ಕಾಲ ಕಾದು ಸಿಕ್ಕಿದ್ದು ಅದು.

ನನ್ನ ಸಂಕಟ ಬೇರೆ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಹಿರಿಯ ಕೆಂಪೇಗೌಡರ ಸಮಾಧಿ ಇದೆ ಅಂತ ಗುರುತಿಸಿದ್ದೇ 2015ರಲ್ಲಿ. ಅಲ್ಲೀವರೆಗೂ ಆ ಗುಡಿಯಂಥ ಕಟ್ಟಡದ ಪಕ್ಕದಲ್ಲೇ ಜನ ಓಡಾಡುತ್ತಿದ್ದರು. ಊರು ಕಟ್ಟಿದವರು ಎಲ್ಲಿ ಮಲಗಿದ್ದಾರೆ ಅಂತ ಅಲ್ಲೀವರೆಗೂ ಯಾವ ಸರ್ಕಾರವೂ ಹುಡುಕಿರಲಿಲ್ಲ. ನೀವು ಹೇಳಿದ ಮಾತು ಅಲ್ಲಿ ನಿಜ.

ಕಲ್ಲೋದು

ಈ ಚರ್ಚೆಗೆ ನಾನು ಒಂದು ಕಲ್ಲನ್ನು ತರುತ್ತೇನೆ.

ಎಚ್ಎಸ್ಆರ್ ಲೇಔಟ್ ಪಕ್ಕದಲ್ಲಿ ಅಗರ ಇದೆಯಲ್ಲ, ಅಲ್ಲಿಯ ಗಂಗರ ಕಾಲದ ಶಾಸನ. 9ನೇ ಶತಮಾನದ್ದು. ಇರುಗಮಯ್ಯ ಅನ್ನುವವನ ಮಗ ಸಿರಿಮಯ್ಯ ಎರಡು ಕೆರೆಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಮೂರೂ ಕೆರೆಗಳ ಬಿತ್ತುವಟ್ಟ ಪಡೆದ ಅಂತ ಅದರಲ್ಲಿದೆ. ಬಿತ್ತುವಟ್ಟ ಅಂದರೆ ಕೆರೆ ಕಟ್ಟಿಸಿ ನೋಡಿಕೊಳ್ಳುವವರಿಗೆ ಬಿಟ್ಟ ಜಮೀನು, ಇಲ್ಲವೇ ಹುಟ್ಟುವಳಿಯ ಪಾಲು. ತೂಬು ಕೆಟ್ಟರೆ ರಿಪೇರಿಗೆ, ಹೂಳು ತುಂಬಿದರೆ ಎತ್ತಿಸೋಕೆ ಅದರಿಂದಲೇ ಖರ್ಚು ನಡೆಯಬೇಕು.

ನೋಡಿ, ಇದು ಸರ್ಕಾರಿ ದಾಖಲೆಯೇ. ಆದರೆ ದೊಡ್ಡ ಗೆಲುವಿನ ಮಾತಿಲ್ಲ. ಯಾರು ಏನು ಮಾಡಿದರು, ಅದಕ್ಕೆ ಏನು ಸಿಕ್ಕಿತು, ಮುಂದೆ ನಡೆಸೋದು ಹೇಗೆ ಅನ್ನೋದಷ್ಟೇ. ಇಂಥ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ಇದನ್ನು ಕೆಡಿಸಿದವರು ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದರೆ ಹಸು, ಕೊಂದ ಪಾಪಕ್ಕೆ ಹೋಗುತ್ತಾರೆ ಅಂತ. ಮುಂದೆ ಬರುವ ದೊರೆ ಯಾರೋ ಗೊತ್ತಿಲ್ಲ. ಅವನ ಕೈ ಕಟ್ಟಿಹಾಕೋಕೆ ಆಗ ಇದ್ದ ದಾರಿ ಅದೊಂದೇ. ಚರಿತ್ರೆ ಸಾರ್ವಜನಿಕ ಕೆಲಸಕ್ಕೆ ಬರೋದು ಅಂದರೆ ನನ್ನ ಪ್ರಕಾರ ಇದು. ಸಾವಿರ ವರ್ಷದ ಹಿಂದೆಯೇ ಅಗರದಲ್ಲಿ ಕೆರೆಗೊಂದು ನಿರ್ವಹಣೆ ಒಪ್ಪಂದ ಇತ್ತು.

ಬೇಗೂರಿನ ವೀರಗಲ್ಲು ಎಲ್ಲರಿಗೂ ಗೊತ್ತಿರಬೇಕು. ಸುಮಾರು ಕ್ರಿ.ಶ. 890ರದ್ದು. ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತರು ಅಂತ ಅದರಲ್ಲಿದೆ. ಅಂದರೆ ಕೆಂಪೇಗೌಡರು ಊರು ಕಟ್ಟಿದರು ಅನ್ನೋ 1537ಕ್ಕೆ ಆರು ನೂರು ವರ್ಷಕ್ಕಿಂತ ಮುಂಚೆಯೇ ಈ ಹೆಸರಿನ ಊರು ಇತ್ತು. ಕೆಂಪೇಗೌಡರು ಕೋಟೆ ಕಟ್ಟಿದರು, ಪೇಟೆ ಕಟ್ಟಿದರು. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಒಂದೊಂದು ಕಸುಬಿಗೂ ಸಾಮಾನಿಗೂ ಒಂದೊಂದು ಜಾಗ. ಅದು ಅವರ ದೊಡ್ಡತನ. ಅದನ್ನು ಹೇಳೋಕೆ ಹಿಂದಿನ ಆರು ನೂರು ವರ್ಷ ಅಳಿಸಬೇಕಾಗಿಲ್ಲ.

ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ಶಾಸನ ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರಿಗೆ ದಾಳಿ ಆದಾಗ ಕಾದಾಡಿ ಸತ್ತ ಒಬ್ಬ ಮನುಷ್ಯನ ಕಲ್ಲು. ಅದಕ್ಕೊಂದು ಮಂಟಪ ಆಯಿತು, ಜನರೇ ದುಡ್ಡು ಹಾಕಿದರು. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ತಂದಿದ್ದು 1905ರಲ್ಲಿ. ಅದರಲ್ಲಿರೋ ಕಲ್ಲುಗಳನ್ನು ಹುಡುಕಿಕೊಂಡು ಹೋದರೆ ಎಷ್ಟೋ ಕಡೆ ಅಪಾರ್ಟ್‌ಮೆಂಟ್ ಇದೆ, ರಸ್ತೆ ಇದೆ, ಕಲ್ಲಿಲ್ಲ. ಉಳಿದದ್ದನ್ನು ನೃಪತುಂಗ ರಸ್ತೆಯಲ್ಲೇ ಇರುವ ಮಿಥಿಕ್ ಸೊಸೈಟಿ 2021ರಿಂದ ತ್ರಿಡಿ ಸ್ಕ್ಯಾನ್ ಮಾಡಿಸುತ್ತಿದೆ. ಸವೆದ ಅಕ್ಷರ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತೆ. ಬೆರಳಾಡಿಸಿದರೂ ಗೊತ್ತಾಗದ ಗೆರೆ ಪರದೆ ಮೇಲೆ ಓದೋಕೆ ಬರುತ್ತೆ.

ಹಲಸೂರು ಕೆರೆದಂಡೆ

ಸೆನೋಟಾಫ್ ಕೆಡವಿದ್ದು ಸರಿಯಾ? ಇದನ್ನು ಯಾರೂ ಮುಟ್ಟಲಿಲ್ಲ.

ನನಗೆ ಸರಿ ಕಾಣಲ್ಲ. ದಾಳಿ ಮಾಡಿದವರ ಸ್ಮಾರಕ ಊರಿನ ನಡುವೆ ಯಾಕೆ ಅನ್ನೋ ಸಿಟ್ಟು ಅರ್ಥ ಆಗುತ್ತೆ. ಆದರೆ ಕೆಡವಿದ ಮೇಲೆ ಆ ಯುದ್ಧವೇ ಮರೆತುಹೋಯಿತು. 1791ರ ಮಾರ್ಚ್ 7ಕ್ಕೆ ಪೇಟೆ ಬಿತ್ತು, ಎರಡು ವಾರಕ್ಕೆ ಕೋಟೆ ಬಿತ್ತು. ಪೇಟೆಯ ಬೀದಿಗಳಲ್ಲೇ ಸಿಕ್ಕಾಪಟ್ಟೆ ಹೆಣ ಬಿದ್ದ ಯುದ್ಧ ಅದು. ಇವತ್ತು ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳೋಕೆ ಹೋಗೋರಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ತಂಭ ಉಳಿಸಿಕೊಂಡು ಪಕ್ಕದಲ್ಲಿ ನಮ್ಮ ಕಡೆ ಸತ್ತವರ ಹೆಸರಿನ ಕಲ್ಲು ನಿಲ್ಲಿಸಬಹುದಿತ್ತು.

2020ರಲ್ಲಿ ಮಾರ್ಕ್ ಕಬ್ಬನ್ ಪ್ರತಿಮೆಯನ್ನು ಹೈಕೋರ್ಟ್ ಮುಂದಿನಿಂದ ತೆಗೆದು ಕಬ್ಬನ್ ಪಾರ್ಕ್ ಒಳಗೆ ಇಟ್ಟರು. ಒಡೆಯಲಿಲ್ಲ. ಅದು ಪರವಾಗಿಲ್ಲ ಅನ್ನಿಸಿತು.

ಇನ್ನೊಂದು ವಿಷಯ. ಆ ಪಾರ್ಕಿಗೆ 1927ರಲ್ಲೇ ಚಾಮರಾಜೇಂದ್ರ ಪಾರ್ಕ್ ಅಂತ ಹೆಸರಿಟ್ಟರು. ನೂರು ವರ್ಷ ಆಗುತ್ತಾ ಬಂತು, ಆಟೋದವರಿಗೆ ಹಾಗೆ ಹೇಳಿ ನೋಡಿ. ಸರ್ಕಾರ ಇಟ್ಟ ಹೆಸರೆಲ್ಲ ಜನರ ಬಾಯಿಗೆ ಬರಲ್ಲ.

ಮಾಗಡಿ ಸೀಮೆ

ಸರ್, ಕೆಡವಿದ್ದು ಸರಿ. ಸ್ವಾತಂತ್ರ್ಯ ಬಂದು 17 ವರ್ಷ ಆದಮೇಲೂ ನಮ್ಮ ಪಾಲಿಕೆ ಕಚೇರಿ ಮುಂದೆ ನಮ್ಮನ್ನು ಸೋಲಿಸಿದವರ ಕಂಬ ಇರಬೇಕಿತ್ತಾ? ಆಗ ಬೀದಿಗಿಳಿದವರ ಸಿಟ್ಟನ್ನು ಈಗ ಕೂತು ಅಳೆಯೋದು ಸುಲಭ.

ಹಲಸೂರು ಕೆರೆದಂಡೆ

ಸಿಟ್ಟನ್ನು ನಾನು ಅಳೀತಿಲ್ಲ. ಕೋಟೆ ಫಲಕ ಇವತ್ತಿಗೂ ಇದೆ, ಅದರಿಂದ ಯಾರಿಗೂ ಅವಮಾನ ಆಗಿಲ್ಲ. ಅದು ಇರೋದಕ್ಕೇ ಕೋಟೆಬಾಗಿಲು ಮೇಡಂ ಇವತ್ತು ಬಹಾದುರ್ ಖಾನ್ ಹೆಸರು ಎತ್ತಿದ್ದು. ಗೆದ್ದವರ ಕಲ್ಲು ಇದ್ದರೆ ಸೋತವರನ್ನು ಕೇಳೋಕೆ ಒಂದು ಜಾಗ ಇರುತ್ತೆ.

ನಿವೃತ್ತ ಮೇಷ್ಟ್ರು

ಮಕ್ಕಳಾ, ನಿಮ್ಮ ಮಾತು ಓದಿ ಖುಷಿ ಆಯಿತು. ಶಾಲೆ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನುವ ಕಥೆಯನ್ನು ನಾನೂ ಹೇಳಿದ್ದೇನೆ. ಆಮೇಲೆ ಬೇಗೂರಿನ ಕಲ್ಲಿನ ಚಿತ್ರ ತೋರಿಸಿ, ಈ ಕಲ್ಲು ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಳೇದು ಕಣ್ರೋ, ಈಗ ಏನು ಮಾಡೋಣ ಅಂತ ಕೇಳುತ್ತಿದ್ದೆ. ಮಕ್ಕಳಿಗೆ ಅದರಿಂದ ಬೇಜಾರು ಆಗಲಿಲ್ಲ. ಹಾಗಾದ್ರೆ ಕಥೆ ಯಾರು ಕಟ್ಟಿದರು ಸಾರ್ ಅಂತ ಅವರೇ ಕೇಳುತ್ತಿದ್ದರು. ಚರಿತ್ರೆ ಕಲಿಯೋದು ಆ ಪ್ರಶ್ನೆಯಿಂದ ಶುರುವಾಗುತ್ತದೆ.

ಜಯಂತಿಗಳಲ್ಲಿ ಇದಕ್ಕೆ ಜಾಗ ಇಲ್ಲ. ಸುತ್ತೋಲೆ ಬರುತ್ತದೆ. ಫೋಟೋ ಇಡಬೇಕು, ಹಾರ ಹಾಕಬೇಕು, ಒಬ್ಬರು ಭಾಷಣ ಮಾಡಬೇಕು, ಸಿಹಿ ಹಂಚಬೇಕು, ಫೋಟೋ ತೆಗೆದು ಇಲಾಖೆಗೆ ಕಳಿಸಬೇಕು. ಎಲ್ಲ ಮಹನೀಯರಿಗೂ ಅದೇ ಭಾಷಣ ನಡೆಯುತ್ತದೆ, ಹೆಸರು ಮಾತ್ರ ಬದಲು. ನನಗೆ ಇದು ಆ ಮಹನೀಯರಿಗೆ ಮಾಡುವ ಅನ್ಯಾಯ ಅನ್ನಿಸುತ್ತಿತ್ತು.

ಆದರೆ ಶಾಸನ ಇಲ್ಲದ್ದನ್ನೆಲ್ಲ ತಳ್ಳಿಹಾಕಬೇಡಿ. ಕೋಟೆ ಬಾಗಿಲು ಪದೇ ಪದೇ ಬಿದ್ದು, ಬಸುರಿ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿ ಕೊಟ್ಟುಕೊಂಡಳು ಅನ್ನುವ ಕಥೆ ಇದೆ. ಆಕೆಯದು ಅನ್ನುವ ಸಮಾಧಿ ಕೋರಮಂಗಲದಲ್ಲಿದೆ. ಅದು ನಡೆಯಿತೋ ಇಲ್ಲವೋ, ಕಲ್ಲಿನಲ್ಲಂತೂ ಇಲ್ಲ. ಆದರೆ ಆ ಕೋಟೆಗೆ ಯಾರೋ ದೊಡ್ಡ ಬೆಲೆ ತೆತ್ತರು ಅಂತ ಜನ ನೂರಾರು ವರ್ಷ ಹೇಳಿಕೊಂಡು ಬಂದಿದ್ದಾರೆ. ಮಣ್ಣು ಹೊತ್ತವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ಅವರ ನೋವು ಇಂಥ ಕಥೆಯಲ್ಲೇ ಉಳಿದುಕೊಂಡಿರುವುದು. ವಿಮಾನ ನಿಲ್ದಾಣದ ಪ್ರತಿಮೆಯ ಪಾರ್ಕಿನಲ್ಲಿ ಇದನ್ನೂ ಕಥೆ ಅಂತಲೇ ಹೇಳಲಿ. ನಿಜ ಅಂತ ಸಾಧಿಸುವುದೂ ಬೇಡ, ಮುಚ್ಚಿಡುವುದೂ ಬೇಡ.

ಕಾರವಾರದ ಕಡಲು

ಬೆಂಗಳೂರಿನಿಂದ ಸ್ವಲ್ಪ ಈಚೆ ಬನ್ನಿ. ಬನವಾಸಿಯಲ್ಲಿ ನಮ್ಮ ಸರ್ಕಾರ ಕದಂಬೋತ್ಸವ ಮಾಡುತ್ತೆ. ಗಡಿ ದಾಟಿದರೆ ಗೋವಾದ ಸರ್ಕಾರಿ ಬಸ್ಸಿನ ಮೇಲೂ ಕದಂಬ ಅಂತಲೇ ಇದೆ. ಕಾರವಾರದ ನೌಕಾನೆಲೆಗೂ ಐಎನ್ಎಸ್ ಕದಂಬ ಅಂತ ಹೆಸರು. ಒಂದೇ ಮನೆತನ, ಎರಡು ರಾಜ್ಯ, ಒಂದು ನೌಕಾಪಡೆ. ನಮಗೆ ಅವರು ಕನ್ನಡದ ಮೊದಲ ರಾಜರು. ಗೋವಾದವರಿಗೆ ಪೋರ್ಚುಗೀಸರಿಗಿಂತ ಮುಂಚೆ ನಮಗೂ ಒಂದು ರಾಜ್ಯ ಇತ್ತು ಅಂತ ಹೇಳಿಕೊಳ್ಳೋಕೆ ಬೇಕು. ಯಾರೂ ಜಗಳ ಆಡಿಲ್ಲ. ಹಂಚಿಕೊಂಡು ಬಳಸೋಕೂ ಬರುತ್ತೆ ಅನ್ನೋದಕ್ಕೆ ಹೇಳಿದೆ.

ಚಿಕ್ಕಪೇಟೆ ಚಂದ್ರ

ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರ. ಟಿಪ್ಪು ಜಯಂತಿ ಬಗ್ಗೆ ಯಾಕೆ ಯಾರೂ ಬರೆದಿಲ್ಲ?

ಕೋಟೆಬಾಗಿಲು

ಚಂದ್ರ, ಬರೀತೀನಿ. 2015ರಲ್ಲಿ ಒಂದು ಸರ್ಕಾರ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವೆ ಟಿಪ್ಪು ಬಗ್ಗೆ ಇರೋ ದಾಖಲೆ ಏನೂ ಬದಲಾಗಿರಲಿಲ್ಲ. ಬ್ರಿಟಿಷರ ಎದುರು ಯುದ್ಧಭೂಮಿಯಲ್ಲೇ ಸತ್ತದ್ದು ಇದೆ. ಕೊಡಗಿನವರ ಮೇಲೆ, ಮಂಗಳೂರಿನ ಕ್ರೈಸ್ತರ ಮೇಲೆ ನಡೆದದ್ದೂ ಇದೆ. ಕೊಡಗಿನ ಮನೆಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಹೈದರ್ ಹಾಕಿದ ಲಾಲ್‌ಬಾಗನ್ನು ಬೆಳೆಸಿದ್ದೂ ಅದೇ ಟಿಪ್ಪು. ಒಬ್ಬ ರಾಜನ ಎಲ್ಲ ಕೆಲಸವನ್ನೂ ಒಂದು ಹಾರದಲ್ಲಿ ಹೊಗಳೋಕೆ ಆಗಲ್ಲ, ಒಂದು ಆದೇಶದಲ್ಲಿ ಅಳಿಸೋಕೂ ಆಗಲ್ಲ. ಜಯಂತಿ ಅನ್ನೋ ಅಚ್ಚಿಗೆ ಹೌದು, ಅಲ್ಲ ಎರಡೇ ಉತ್ತರ ಗೊತ್ತು. ನನಗೆ ಸಮಸ್ಯೆ ಆ ಅಚ್ಚಿನಲ್ಲೇ ಕಾಣೋದು.

ಇದೇ ಕಾರಣಕ್ಕೆ ಯಾರಿಗೂ ಬೇಡದ ಚರಿತ್ರೆಯೂ ಇದೆ. ಬಿಜಾಪುರದವರು 1638ರಲ್ಲಿ ಬೆಂಗಳೂರು ಹಿಡಿದರು. ಶಿವಾಜಿಯ ಅಪ್ಪ ಶಹಾಜಿಗೆ ಜಹಗೀರು ಆಯಿತು. ಆಮೇಲೆ ಮೊಘಲರ ಕೈಗೆ ಬಂತು, ಅವರು ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷಕ್ಕೆ ಮಾರಿದರು ಅಂತ ಚರಿತ್ರೆ ಪುಸ್ತಕಗಳಲ್ಲಿದೆ. ಕನ್ನಡ, ಮರಾಠಿ, ಉರ್ದು, ತೆಲುಗು, ತಮಿಳು ಒಂದೇ ಪೇಟೆಯಲ್ಲಿ ಯಾಕೆ ಕೇಳುತ್ತೆ ಅಂದರೆ ಉತ್ತರ ಇರೋದು ಇಂಥ ವರ್ಷಗಳಲ್ಲಿ. ಅದಕ್ಕೆ ಪ್ರತಿಮೆಯೂ ಇಲ್ಲ, ದಿನಾಚರಣೆಯೂ ಇಲ್ಲ.

ಸರಿ, ಕೆಲಸದ ಮಾತಿಗೆ ಬರ್ತೀನಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಲ್ಲು ಹಾಕಿ ಅಂತ ಮನವಿ ಕೊಡೋಣ. ಪ್ರತಿಮೆ ಬೇಡ, ಬರಹ ಸಾಕು. ನನ್ನ ಕರಡು ಇಲ್ಲಿದೆ:

"ಈ ಜಾಗದಲ್ಲಿ ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆ ಇತ್ತು. ಬೆಂಗಳೂರು ಪೇಟೆಯ ಜನ ಇದರ ನೀರು ಬಳಸುತ್ತಿದ್ದರು. 1896ರಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಕೆರೆಯನ್ನು ನೋಡಿಕೊಳ್ಳುವುದು ನಿಂತಿತು. ಒಣಗಿದ ಅಂಗಳ ಸುಭಾಷ್ ನಗರ ಮೈದಾನವಾಯಿತು. ಆಮೇಲೆ ಬಸ್ ನಿಲ್ದಾಣವಾಯಿತು."

ಕಲ್ಲೋದು

ಒಂದು ತಿದ್ದುಪಡಿ. ಕೆಂಪೇಗೌಡರು ಕಟ್ಟಿಸಿದ್ದು ಅಂತ ಹೇಳೋ ಶಾಸನ ಈ ಕೆರೆಗೆ ನಾನು ನೋಡಿಲ್ಲ. "ಕೆಂಪೇಗೌಡರ ಕಾಲದ್ದೆಂದು ಜನ ಹೇಳಿಕೊಂಡು ಬಂದಿರುವ" ಅಂತ ಹಾಕಿ. ನಾವು ಹಾಕೋ ಕಲ್ಲಿನಲ್ಲೇ ಗೊತ್ತಿಲ್ಲದ್ದನ್ನು ಗೊತ್ತು ಅಂತ ಕೆತ್ತಬಾರದು.

ಮಾಗಡಿ ಸೀಮೆ

ನನಗೆ ಕಷ್ಟ ಆಗುತ್ತೆ, ಆದರೂ ಸರಿ. ಹಾಗೇ ಹಾಕಿ. ಆದರೆ ಕೆಂಪೇಗೌಡರ ಹೆಸರು ಮೊದಲ ಸಾಲಲ್ಲೇ ಇರಬೇಕು. ಮತ್ತೆ ಇನ್ನೊಂದು ಸಾಲು ಸೇರಿಸಿ: ಅವರ ಕಾಲದ್ದು ಅನ್ನೋ ಕೆಂಪಾಂಬುಧಿ ಕೆರೆ ಇನ್ನೂ ಇದೆ ಅಂತ. ಇಲ್ಲಿ ಓದಿದವರು ಬಸ್ ಹತ್ತಿ ಹೋಗಿ ನೋಡಲಿ. ಅದರ ನೀರು ಹೇಗಿದೆ ಅಂತಲೂ ನೋಡಲಿ, ಪಾಲಿಕೆಯವರನ್ನು ಕೇಳಲಿ.

ನಿವೃತ್ತ ಮೇಷ್ಟ್ರು

ಈ ಸಾಲು ಚೆನ್ನಾಗಿದೆ. ಅಕ್ಷರ ದೊಡ್ಡದಾಗಿರಲಿ, ಮಕ್ಕಳ ಕಣ್ಣಿನ ಎತ್ತರಕ್ಕಿರಲಿ.

ಕೋಟೆಬಾಗಿಲು

ಎರಡೂ ತಿದ್ದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಕೆಎಸ್ಆರ್‌ಟಿಸಿ, ಬಿಎಂಟಿಸಿ ಎರಡರ ಜಾಗವೂ ಇದೆ. ಅದಕ್ಕೆ ಎರಡು ಕಡೆಗೂ ಮನವಿ, ಮೆಟ್ರೋದವರಿಗೆ ಒಂದು, ಪುರಾತತ್ವ ಇಲಾಖೆಗೆ ಒಂದು ಪ್ರತಿ. ಸಹಿ ಹಾಕೋರು ನಿಮ್ಮ ಊರಿನ ಹೆಸರನ್ನೂ ಕೆಳಗೆ ಬರೀರಿ. ಚಂದ್ರ, ನೀವು ಪೇಟೆಯವರು. ಅಕ್ಕಿಪೇಟೆ, ಕಾಟನ್‌ಪೇಟೆ ಅಂಗಡಿಯವರ ಸಹಿ ನಿಮ್ಮ ಜವಾಬ್ದಾರಿ.

ಚಿಕ್ಕಪೇಟೆ ಚಂದ್ರ

ಆಯ್ತು ಅಕ್ಕ. ಕಾಗದ ಕಳಿಸಿ, ಪ್ರಿಂಟ್ ನಾನೇ ಹಾಕಿಸ್ತೀನಿ.